ನಲ್ಲಿಯ ಬಾಯಲ್ಲಿ ಮಣ್ಣಿನ ಗೂಡು

ಶನಿವಾರ ಸಂಜೆ ಪುಟ ಕಟ್ಟುವ ಹೊತ್ತಿನಲ್ಲಿ ನಮ್ಮ ವರದಿಗಾರ್ತಿ ರಾಜೀನಾಮೆ ಪತ್ರ ತಂದು ನನ್ನ ಮೇಜಿನ ಮೇಲಿಟ್ಟಳು. ‘ಸರ್, ಬೆಂಗಳೂರಿನ ಕಂಪನಿಯೊಂದರಲ್ಲಿ ಜಾಹೀರಾತಿಗೆ ಕನ್ನಡ ಬರೆಯುವ ಕೆಲಸ ಸಿಕ್ಕಿದೆ. ತಮ್ಮನ ಕಾಲೇಜು ಫೀಸು ಕಟ್ಟಬೇಕು’ ಎಂದಳು. ಇರು ಎನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮ ಜಿಲ್ಲಾ ಪತ್ರಿಕೆ ಅವಳಿಗೆ ಕೊಡುತ್ತಿದ್ದುದು ತಿಂಗಳಿಗೆ 9,000 ರೂಪಾಯಿ. ಅದರಲ್ಲಿ 5,000 ಪಿ.ಜಿ. ಬಾಡಿಗೆಗೇ ಹೋಗುತ್ತಿತ್ತು.

ಸೇರಿದ ಮೂರನೆಯ ತಿಂಗಳಲ್ಲಿ ಅವಳನ್ನು ಒಂದು ಗ್ರಾಮಸಭೆಗೆ ಕಳುಹಿಸಿದ್ದೆ. ‘ಮನೆ ಮನೆಗೆ ಗಂಗೆ’ ಯೋಜನೆಯಲ್ಲಿ ಊರಿನ ಎಲ್ಲ ಮನೆಗಳಿಗೂ ನಲ್ಲಿ ಹಾಕಲಾಗಿದೆ ಎಂದು ಸಭೆಯಲ್ಲಿ ಓದಿದರು. ಉಳಿದ ವರದಿಗಾರರು ಅಷ್ಟನ್ನೇ ಬರೆದುಕೊಂಡು ಹೊರಟರು. ಇವಳು ಉಳಿದಳು. ಮೇಲಿನ ಕೇರಿಯ ಅಜ್ಜಿಯೊಬ್ಬರು ತಮ್ಮ ಮನೆಯ ನಲ್ಲಿ ತೋರಿಸಿದರಂತೆ. ಅದರ ಬಾಯಿಯ ತುಂಬ ಕಣಜದ ಹುಳು ಕಟ್ಟಿದ ಮಣ್ಣಿನ ಗೂಡು! ನೀರು ಬಂದಿದ್ದರೆ ಹುಳು ಗೂಡು ಕಟ್ಟುತ್ತಿತ್ತೇ? ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕೆಂಬ ಯೋಜನೆ ಅದು. ಇವಳು ಮತ್ತೆರಡು ಸಲ ಹೋಗಿ 43 ಮನೆಗಳ ನಲ್ಲಿ ತಿರುಗಿಸಿ ನೋಡಿದಳು, ಕಾಮಗಾರಿಯ ಅಳತೆ ಪುಸ್ತಕ ಕೇಳಿಕೊಂಡು ಕಚೇರಿಗೆ ಅಲೆದಳು. ಒಂದು ವರದಿಗೆ ಹನ್ನೊಂದು ದಿನ. ಮುಖಪುಟದಲ್ಲಿ ಹಾಕಿದೆವು. ಮುಂದಿನ ವಾರ ಕೇರಿಗೆ ನೀರು ಬಂತು.

ಈ ಹನ್ನೊಂದು ದಿನಗಳನ್ನು ನಮ್ಮಂಥ ಪತ್ರಿಕೆ ತನ್ನ ಗಳಿಕೆಯಿಂದ ಕೊಡಲಾರದು. ರಾಜ್ಯ ಸರ್ಕಾರ 2024–25ರ ಬಜೆಟ್‌ನಲ್ಲಿ ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸ್ ಘೋಷಿಸಿತು. ಒಳ್ಳೆಯದೇ. ಆದರೆ ಬಸ್ ಇಳಿದ ಮೇಲೆ ಹಳ್ಳಿಯಲ್ಲಿ ಕಳೆಯಬೇಕಾದ ದಿನಗಳಿಗೆ ಸಂಬಳ ಬೇಕು. ಹೊಸಬರ ಮೊದಲ ಎರಡು ವರ್ಷಗಳ ಸಂಬಳವನ್ನು ಸಾರ್ವಜನಿಕ ಹಣ ಹೊರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸರ್ಕಾರದ ಅನ್ನ ಉಂಡು ಸರ್ಕಾರವನ್ನು ಪ್ರಶ್ನಿಸುವುದು ಹೇಗೆ ಎಂದು ಗೆಳೆಯರು ಕೇಳುತ್ತಾರೆ. ಆ ಅಂಜಿಕೆ ಸುಳ್ಳಲ್ಲ; ಸರ್ಕಾರಿ ಜಾಹೀರಾತಿನ ಮುಲಾಜಿನಲ್ಲಿ ನಾವು ಈಗಲೂ ಇದ್ದೇವೆ. ಕ್ಯಾಲಿಫೋರ್ನಿಯಾ ಇದಕ್ಕೊಂದು ದಾರಿ ಮಾಡಿಕೊಂಡಿದೆ. ಅಲ್ಲಿನ ಸರ್ಕಾರ 2022ರಲ್ಲಿ 2.5 ಕೋಟಿ ಡಾಲರ್‌ಗಳನ್ನು ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. ಹೊಸ ಪತ್ರಕರ್ತರನ್ನು ಆರಿಸಿ, ಸಂಬಳ ಕೊಟ್ಟು, ಸ್ಥಳೀಯ ಪತ್ರಿಕೆಗಳಿಗೆ ಕಳುಹಿಸುವುದು ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗ. ಯಾರು ಏನು ಬರೆಯಬೇಕೆಂಬುದರಲ್ಲಿ ಸರ್ಕಾರದ ಕೈಯಿಲ್ಲ. ನಮ್ಮಲ್ಲೂ ವಿಶ್ವವಿದ್ಯಾಲಯಗಳಲ್ಲಿ ಪತ್ರಿಕೋದ್ಯಮ ವಿಭಾಗಗಳಿವೆ, ಜಿಲ್ಲೆ ಜಿಲ್ಲೆಗೂ ಪತ್ರಿಕೆಗಳಿವೆ.

ಅವಳು ಹೋಗಿ ಎರಡು ತಿಂಗಳಾದ ಮೇಲೆ ಕಚೇರಿಯ ಫೋನಿಗೆ ಆ ಅಜ್ಜಿಯ ಕರೆ ಬಂತು. ‘ನೀರು ಮತ್ತೆ ನಿಂತಿದೆ ಸ್ವಾಮಿ. ಆ ಹುಡುಗಿಯನ್ನು ಒಂದು ಸಲ ಕಳುಹಿಸಿಕೊಡಿ’ ಎಂದರು. ಊರಿನ ಹೆಸರನ್ನು ಮತ್ತೊಮ್ಮೆ ಕೇಳಿ ಬರೆದುಕೊಂಡೆ.