ಹಿಂದಿನ ಸೀಟು

12 ಅಕ್ಟೋಬರ್ 2025, ಭಾನುವಾರ
ಸಾಗರ

ಡಿಕ್ಕಿಯ ಎಡಮೂಲೆಗೆ ಎರಡೂ ಕೈ ಕೊಟ್ಟು, ಮೈಭಾರ ಹಾಕಿ ಒತ್ತಿ ಬಿಟ್ಟೆ. ಕಾರು ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ, ಮತ್ತೆ ಕೆಳಗೆ. ಸರಿ ಇರುವ ಗಾಡಿ ಒಮ್ಮೆ ಎದ್ದು ಅಲ್ಲೇ ನಿಲ್ಲಬೇಕು. ಬಲಗಡೆಯೂ ಅದೇ ಕಥೆ. ಮುಂದಿನ ಎರಡು ಮೂಲೆ ಮಾತ್ರ ಗಟ್ಟಿಯಾಗಿವೆ.

ಇದು ಗುರುವಾರ ಸಂಜೆಯ ಮಾತು. ಅವತ್ತು ಶಿವಮೊಗ್ಗದಲ್ಲಿ ಅಮ್ಮನ ಕಣ್ಣು ತೋರಿಸಿಕೊಂಡು ಬಂದಿದ್ದೆವು. ಆಯನೂರು ದಾಟಿದ ಮೇಲೆ ಅಮ್ಮ ಮಾತೇ ಆಡಲಿಲ್ಲ. ಹಂಪ್ ಬಂದಾಗಲೆಲ್ಲ ಮುಂದಿನ ಸೀಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಆನಂದಪುರದಲ್ಲಿ ಚಾ ಕುಡಿಯುವಾಗ, "ಮುಂದಿನ ಸಲ ನಾನು ಬಸ್ಸಲ್ಲೇ ಹೋಗಿ ಬರ್ತೀನಿ, ನೀನು ಸುಮ್ನೆ ರಜೆ ಹಾಕೋದು ಬೇಡ" ಅಂದಳು. ರಜೆ ಬರೀ ನೆಪ. ಸೊಂಟ ನೋವು ಅಂತ ಬಾಯಿಬಿಟ್ಟು ಹೇಳುವವಳಲ್ಲ ಅವಳು. ರಾತ್ರಿ ಎಣ್ಣೆ ಬಿಸಿ ಮಾಡುತ್ತಿದ್ದಳು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊದಲು ಟೈರಿನ ಗಾಳಿ ನೋಡಿದೆ. ಗಾಳಿ ಜಾಸ್ತಿ ಇದ್ದರೂ ಗಾಡಿ ಹಾರುತ್ತದೆ. 30 ಇತ್ತು, ತೊಂದರೆ ಇಲ್ಲ. ಆದರೆ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿದಾಗ ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು ಸಿಕ್ಕಿತು. ಚಕ್ರ ರಸ್ತೆಗೆ ಅಂಟಿಕೊಂಡು ಉರುಳದೆ ಹಾರಿ ಹಾರಿ ಕೂತರೆ ರಬ್ಬರ್ ಹೀಗೆ ಸವೆಯುತ್ತದೆ. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟೆ. ಶಾಕ್ ಅಬ್ಸಾರ್ಬರಿನ ಮೈಯೆಲ್ಲ ಎಣ್ಣೆ. ಅದರ ಮೇಲೆ ಧೂಳು ಕೂತು ಕಪ್ಪು ಜಿಡ್ಡಾಗಿತ್ತು. ಸೀಲ್ ಹೋಗಿದೆ.

ಪೇಟೆಯ ಅಂಗಡಿಯಲ್ಲಿ, "ಸ್ಪ್ರಿಂಗಿನ ನಡುವೆ ರಬ್ಬರ್ ಬಫರ್ ಕೂರಿಸಿ, ಸಾಕು" ಅಂದರು. ನಾನು ಒಪ್ಪಲಿಲ್ಲ. ಎರಡೂ ಕಡೆಗೆ ಹೊಸ ಶಾಕ್ ತಂದೆ. ಒಂದೇ ಬದಲಾಯಿಸಿದರೆ ಗಾಡಿ ಎಡಕ್ಕೊಂದು ಬಲಕ್ಕೊಂದು ಥರ ಕೂರುತ್ತದೆ. ತಿರುವಿನಲ್ಲಿ ಅದು ಒಳ್ಳೆಯದಲ್ಲ.

ಇವತ್ತು ಬೆಳಿಗ್ಗೆ ಅಪ್ಪಯ್ಯ ಜೊತೆಗೆ ಬಂದು ನಿಂತರು. ನಮ್ಮ ಆಲ್ಟೊದಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಾಗಾಗಿ ಮನೆಯಲ್ಲೇ ಮಾಡಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ, ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟೆ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕುವುದಿಲ್ಲ. ಹಿಂದಿನ ಎರಡು ಚಕ್ರಗಳನ್ನು ಸೇರಿಸುವ ಆಕ್ಸಲ್ ಜೋತುಬಿದ್ದು ಸ್ಪ್ರಿಂಗ್ ಜಾರದ ಹಾಗೆ ಅದಕ್ಕೂ ಇನ್ನೊಂದು ಜಾಕ್ ಆನಿಸಿದೆ. ರಾತ್ರಿಯೇ ಎಣ್ಣೆ ಬಿಟ್ಟಿದ್ದರಿಂದ ತುಕ್ಕು ಹಿಡಿದ ನಟ್ಟುಗಳೂ ಬಿಟ್ಟುಕೊಂಡವು.

"ಸ್ಪ್ರಿಂಗ್ ಮುರಿದಿಲ್ಲವಲ್ಲ ಮಾರಾಯ, ಮತ್ತೆ ಯಾಕೆ ಕುಣೀತದೆ?" ಅಂದರು ಅಪ್ಪಯ್ಯ.

"ಕುಣಿಯೋದೇ ಸ್ಪ್ರಿಂಗಿನ ಗುಣ ಅಪ್ಪಯ್ಯ. ಅದನ್ನ ಹಿಡಿದು ನಿಲ್ಸೋದು ಇದು."

ಹಳೆಯದನ್ನು ಅವರ ಕೈಗೆ ಕೊಟ್ಟೆ. ನೆಲಕ್ಕೆ ಊರಿ ಒತ್ತಿದರು. ಸಲೀಸಾಗಿ ಇಳಿದ ದಂಡ ಅಲ್ಲೇ ಕೂತುಬಿಟ್ಟಿತು. ಹೊಸದನ್ನು ಒತ್ತಿದಾಗ ಅಂಗೈಗೆ ಎದುರು ನಿಂತಿತು. ಬಿಟ್ಟಾಗ ಒಳಗಿನ ಗ್ಯಾಸಿನ ಒತ್ತಡಕ್ಕೆ ನಿಧಾನವಾಗಿ ತಾನೇ ಮೇಲೆ ಬಂತು. ಅಪ್ಪಯ್ಯ ಮತ್ತೆ ಒತ್ತಿದರು, ಮತ್ತೆ ಬಿಟ್ಟರು.

"ಒಳಗೆ ಎಂತ ಉಂಟು?"

"ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕು. ಆ ತಡೆಗೇ ಕುಣಿತ ನಿಲ್ಲೋದು. ಕುಣಿತದ ಶಕ್ತಿಯೆಲ್ಲ ಬಿಸಿಯಾಗಿ ಹೊರಗೆ ಹೋಗ್ತದೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದಾಗ ಇದು ಬಿಸಿ ಇರ್ಬೇಕು ಅಲ್ವಾ? ಕೆಟ್ಟುಹೋಗಿದ್ದು ತಣ್ಣಗಿರ್ಬೇಕು."

ಎಷ್ಟು ಸರಿಯಾದ ಮಾತು! ಅಪ್ಪಯ್ಯ ಕಾರು ಓಡಿಸುವುದನ್ನೇ ಕಲಿತವರಲ್ಲ. ಎಪ್ಪತ್ತು ದಾಟಿದ ಮೇಲೂ ಒಂದು ಸಾಮಾನು ಕೈಗೆ ಸಿಕ್ಕರೆ ಅದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯದೆ ಕೆಳಗಿಡುವುದಿಲ್ಲ. ನನಗೆ ಪಾನಾ ಹಿಡಿಯುವ ಆಸೆ ಹುಟ್ಟಿದ್ದೇ ಅವರು ತೋಟದ ಪಂಪ್‌ಸೆಟ್ ಬಿಚ್ಚುವುದನ್ನು ನೋಡಿ.

"ಮತ್ತೆ ಆ ಬಫರ್?"

"ಅದು ಸ್ಪ್ರಿಂಗನ್ನ ಇನ್ನೂ ಗಡುಸು ಮಾಡ್ತದೆ ಅಷ್ಟೇ. ಗಾಡಿ ಎತ್ತರ ಕೂರುತ್ತೆ, ಕುಣಿತ ನಿಲ್ಲೋದಿಲ್ಲ. ಅಮ್ಮನ ಸೊಂಟಕ್ಕೆ ಇನ್ನೂ ಜಾಸ್ತಿ ಪೆಟ್ಟು."

ಅಮ್ಮನ ಹೆಸರು ಬಂದದ್ದೇ ಅವರು ಮುಖ ತಿರುಗಿಸಿದರು. ಅವರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಕೂರಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಳಗಿನ ಬೋಲ್ಟನ್ನು ಮಾತ್ರ ಗಾಡಿ ಎತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಆಕ್ಸಲ್ ಕೆಳಗಿನ ಜಾಕ್ ಎತ್ತಿ, ಅದರ ಮೇಲೆ ಭಾರ ಬಂದ ಮೇಲೆ ಬಿಗಿಯಬೇಕು. ಇಲ್ಲದಿದ್ದರೆ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿದುಹೋಗುತ್ತದೆ. ಕೊನೆಗೆ ಡಿಕ್ಕಿ ಒತ್ತಿ ನೋಡಿದೆ. ಎದ್ದಿತು, ನಿಂತಿತು.

ಈಗ ಕೂತು ಯೋಚಿಸಿದರೆ ಹೆದರಿಕೆ ಆಗುತ್ತಿದೆ. ಗಾಡಿ ಕುಣಿಯುತ್ತದೆ ಅಂದರೆ ಕೂತವರಿಗೆ ಕಷ್ಟ, ಅಷ್ಟೇ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ರಸ್ತೆ ಬಿಟ್ಟು ಮೇಲೆದ್ದ ಚಕ್ರಕ್ಕೆ ಬ್ರೇಕ್ ಹಾಕಿ ಏನು ಬಂತು? ಈ ಮಳೆಗಾಲ ಪೂರ್ತಿ ಅದೇ ಗಾಡಿಯಲ್ಲಿ ಚೋರಡಿ ಕಡೆಯ ತಿರುವುಗಳಲ್ಲಿ ಅಮ್ಮನನ್ನು ಕೂರಿಸಿಕೊಂಡು ಓಡಾಡಿದ್ದೇನೆ.

ಸಂಜೆ ಅಮ್ಮನನ್ನು ಒಂದು ಸುತ್ತು ಕರೆದೆ. ಅಕ್ಕಿ ನೆನೆಸಿದ್ದೇನೆ, ರುಬ್ಬಬೇಕು ಅಂದಳು. ನಾಳೆ ಕೇಳಬೇಕು.

ಆ ಟೈರುಗಳು ಇನ್ನೂ ಗುಂಯ್ ಅಂತಿವೆ, ಅದೊಂದು ಖರ್ಚು ಇದ್ದೇ ಇದೆ. ಇನ್ನೇನು ಅಡಿಕೆ ಕೊಯ್ಲು ಶುರುವಾಗುತ್ತದೆ. ಹಿಂದಿನ ಸೀಟು ಮಡಚಿ ಮೂಟೆ ಹೇರುವುದು ಈ ವರ್ಷದಿಂದ ಬೇಡ, ಪಿಕಪ್ಪಿಗೆ ಬಾಡಿಗೆ ಕೊಡೋಣ ಅಂತ ಅಪ್ಪಯ್ಯನಿಗೆ ಹೇಳಬೇಕು. ಹೊಸದು ಹಾಕಿದ್ದೇ ಭಾರ ಹೊರಲಿಕ್ಕಲ್ವಾ ಅಂತ ಕೇಳೇ ಕೇಳುತ್ತಾರೆ. ಭಾರ ಹೊರುವುದು ಸ್ಪ್ರಿಂಗು ಅಂತ ವಿವರಿಸಬಹುದು. ಆದರೆ ಬಾಡಿಗೆ ಲೆಕ್ಕ ತೆಗೆದರೆ…