ಸುನೌಲಿಯಿಂದ ಕಾಠ್ಮಂಡುವಿಗೆ ನೆಲದ ದಾರಿ: ನೇಪಾಳಕ್ಕೆ ಹೊರಡುವವರಿಗೆ ಕೆಲವು ಮಾತು

ನೇಪಾಳಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ವಿಮಾನದಲ್ಲಿ ಕಾಠ್ಮಂಡುವಿಗೆ ಇಳಿದು, ಪಶುಪತಿನಾಥನ ದರ್ಶನ ಮುಗಿಸಿ, ಪೋಖರಾ ನೋಡಿಕೊಂಡು ಐದಾರು ದಿನಗಳಲ್ಲಿ ಮರಳುತ್ತಾರೆ. ಹತ್ತು ದಿನ ಬಿಡುವಿರುವವರು ಗಡಿಯನ್ನು ನಡೆದೇ ದಾಟಿ, ಬಯಲಿನಿಂದ ಗುಡ್ಡಗಳಿಗೆ ಬಸ್ಸಿನಲ್ಲಿ ಹತ್ತಬೇಕೆಂಬುದು ನನ್ನ ಸಲಹೆ. ಆ ದೇಶದ ಕಷ್ಟಸುಖಗಳಿಗೆ ಅಲ್ಲಿನ ನೆಲದ ಏರಿಳಿತವೇ ಎಷ್ಟರಮಟ್ಟಿಗೆ ಕಾರಣವೆಂಬುದು ಆ ದಾರಿಯಲ್ಲಿ ಹೋದವರಿಗೆ ತಾನಾಗಿ ತಿಳಿಯುತ್ತದೆ.

2024ರ ನವೆಂಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಗಡಿಯ ಊರಾದ ಸುನೌಲಿ ತಲುಪಿದೆವು. ಭಾರತೀಯರಿಗೆ ವೀಸಾ ಬೇಡವಾದರೂ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಜೊತೆಗಿರಲಿ. ಆಧಾರ್ ಒಂದನ್ನೇ ನಂಬಿ ಹೊರಟರೆ ವಿಮಾನದಲ್ಲಿ ಮರಳುವಾಗ ತೊಂದರೆಯಾಗುತ್ತದೆ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬ ದರ 1993ರಿಂದಲೂ ಬದಲಾಗಿಲ್ಲ. ದೊಡ್ಡ ನೋಟುಗಳ ನಿಯಮ ಆಗಾಗ ಬದಲಾಗುವುದರಿಂದ 100ರ ನೋಟುಗಳನ್ನೇ ಒಯ್ಯುವುದು ಕ್ಷೇಮ. 2024ರಿಂದ ಅನೇಕ ಅಂಗಡಿಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ, ಆದರೆ ಗುಡ್ಡದ ಊರುಗಳಲ್ಲಿ ಕೈಯಲ್ಲಿ ನಗದೇ ಇರಬೇಕು. ಗಡಿಯಾಚೆ ಗಡಿಯಾರವನ್ನು 15 ನಿಮಿಷ ಮುಂದಿಡಲು ಮರೆಯಬೇಡಿ.

ಗಡಿ ದಾಟಿದೊಡನೆ ಸಿಗುವ ತರಾಯಿ ಬಯಲು ದೇಶದ ವಿಸ್ತೀರ್ಣದಲ್ಲಿ ಶೇ. 17ರಷ್ಟು ಮಾತ್ರ, ಆದರೆ 2021ರ ಜನಗಣತಿಯ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜನ ಇಲ್ಲಿಯೇ ಇದ್ದಾರೆ. ಲುಂಬಿನಿಗೆ ಒಂದು ಪೂರ್ತಿ ದಿನ ಕೊಡಿ. ಅಶೋಕನ ಸ್ತಂಭದ ಬಳಿ ಬೆಳಗಿನ ಹೊತ್ತು ಜನ ಕಡಿಮೆ. ಬುಟ್ವಲ್‌ನಲ್ಲಿ ಬಯಲು ಥಟ್ಟನೆ ಮುಗಿದು ಬೆಟ್ಟ ಎದುರಾಗುತ್ತದೆ. ಅಲ್ಲಿಂದ ಗುಡ್ಡದ ಊರಾದ ತಾನ್ಸೇನ್ ಕಡೆಗೆ ಹೋಗುವ ಸಿದ್ಧಬಾಬಾ ಭಾಗದಲ್ಲಿ ಮಳೆಗಾಲದಲ್ಲಿ ಕಲ್ಲು ಉರುಳುವುದು ಸಾಮಾನ್ಯವಾದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡ. ರಾತ್ರಿ ಬಸ್ಸನ್ನಂತೂ ಯಾವ ಕಾಲದಲ್ಲೂ ಹತ್ತಬೇಡಿ. 2024ರ ಜುಲೈನಲ್ಲಿ ಸಿಮಲ್‌ತಾಲ್ ಎಂಬಲ್ಲಿ ಬೆಳಗಿನ ಜಾವ ಭೂಕುಸಿತಕ್ಕೆ ಸಿಕ್ಕಿದ ಎರಡು ಬಸ್ಸುಗಳು ಹತ್ತಾರು ಪ್ರಯಾಣಿಕರೊಡನೆ ತ್ರಿಶೂಲಿ ನದಿಯಲ್ಲಿ ಕೊಚ್ಚಿಹೋದವು. ಪೋಖರಾದಿಂದ ಕಾಠ್ಮಂಡುವಿಗೆ ಹೋಗುವಾಗಲೂ ಬಹು ದೂರ ಅದೇ ನದಿಯ ದಂಡೆಯ ಮೇಲೆ ಸಾಗಬೇಕು.

ತಾನ್ಸೇನ್‌ನಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ, ಅದೂ ಹೋಟೆಲಿನಲ್ಲಲ್ಲ, ಹತ್ತಿರದ ಹಳ್ಳಿಯ ಹೋಂಸ್ಟೇಯಲ್ಲಿ. ನಾವು ಉಳಿದ ಮನೆಯಲ್ಲಿ ಗಂಡ ಕತಾರಿನಲ್ಲಿ, ಮಗ ಮಲೇಷ್ಯಾದಲ್ಲಿ; ಹೊಲ, ಎಮ್ಮೆ, ಅತ್ತೆಯ ಔಷಧಿ, ಸಾಲದ ಕಂತು ಎಲ್ಲವೂ ಆ ಒಬ್ಬ ಹೆಂಗಸಿನ ತಲೆಯ ಮೇಲೆ. ಅವರು ಬಡಿಸಿದ ಢಿಂಡೋ ನಮ್ಮ ರಾಗಿ ಮುದ್ದೆಯ ಒಡಹುಟ್ಟು. ಅಲ್ಲಿ ಕೋದೋ ಎಂದರೆ ರಾಗಿಯೇ. ಜೊತೆಗೆ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರು. ಮನೆಯ ಹಿಂದಿನ ಮೆಟ್ಟಿಲು ಹೊಲಗಳಲ್ಲಿ ಅರ್ಧದಷ್ಟು ಹುಲ್ಲು ಬೆಳೆದಿತ್ತು. ದುಡಿಯುವ ಕೈಗಳಿಲ್ಲ, ಬಿತ್ತಿದ್ದನ್ನು ಕೋತಿಗಳು ಬಿಡುವುದಿಲ್ಲ, ಇಳಿಜಾರಿನ ಚಿಕ್ಕ ಹೊಲಕ್ಕೆ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಹೊರದೇಶದಿಂದ ಬರುವ ಹಣ ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲುಭಾಗಕ್ಕೆ ಸಮವೆಂದು ನಾನು ಮೊದಲೇ ಓದಿದ್ದೆ. ಆ ಹಣ ಮಕ್ಕಳ ಶಾಲೆಯ ಶುಲ್ಕವಾಗಿ, ಬುಟ್ವಲ್‌ನಲ್ಲೊಂದು ನಿವೇಶನವಾಗಿ ಹಳ್ಳಿಯಿಂದ ಕೆಳಗಿಳಿದು ಹೋಗುವುದನ್ನು ಆ ಜಗಲಿಯಲ್ಲಿ ಕುಳಿತು ಕೇಳಿದಾಗ ಮನಸ್ಸು ಭಾರವಾಯಿತು. ಬೆಂಗಳೂರಿನ ನಮ್ಮ ವಸತಿ ಸಮುಚ್ಚಯದಲ್ಲಿ ರಾತ್ರಿ ಕಾವಲಿರುವ ಯುವಕನ ಊರು ಹೇಗಿರಬಹುದೆಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಇಂಥ ಮನೆಯಲ್ಲಿ ಬಾಡಿಗೆಗೆ ಚೌಕಾಸಿ ಮಾಡಬೇಡಿ; ನೀವು ಕೊಡುವ ಹಣ ನೇರವಾಗಿ ಆ ಹೆಂಗಸಿನ ಕೈ ಸೇರುತ್ತದೆ.

ಪೋಖರಾದ ಬಗ್ಗೆ ಬಹಳಷ್ಟು ಜನ ಬರೆದಿದ್ದಾರೆ. ಸಾರಂಗಕೋಟ್ ಗುಡ್ಡದಿಂದ ಮಚ್ಛಾಪುಚ್ಛ್ರೇ ಶಿಖರ ಕಾಣಬೇಕಾದರೆ ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯೊಳಗೆ ಹೋಗಿ. ಅಲ್ಲಿನ ದಸರೆಯಾದ ದಸೈಂ ಹಬ್ಬದ ವಾರದಲ್ಲಿ ಮಾತ್ರ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ.

ಕಾಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಸಲ್ಲಿಸುವ ಭಟ್ಟರಲ್ಲಿ ನಮ್ಮ ಕರ್ನಾಟಕದವರಿದ್ದಾರೆಂಬುದು ಬಹಳ ಜನಕ್ಕೆ ಗೊತ್ತು. ದರ್ಶನದ ನಂತರ ಪಾಟನ್, ಭಕ್ತಪುರಗಳ ಗಲ್ಲಿಗಳಲ್ಲಿ ನಿಧಾನವಾಗಿ ನಡೆಯಿರಿ. ಸುಮಾರು 9,000 ಜನರನ್ನು ಬಲಿ ತೆಗೆದುಕೊಂಡ 2015ರ ಏಪ್ರಿಲ್ 25ರ ಭೂಕಂಪದ ಗುರುತುಗಳು ಹೊಸ ಇಟ್ಟಿಗೆಗಳ ನಡುವೆ ಇನ್ನೂ ಕಾಣುತ್ತವೆ. ಒಂದು ಕಾಲದಲ್ಲಿ ದಿನದ ಬಹುಪಾಲು ಕತ್ತಲಲ್ಲಿದ್ದ ನಗರ ಇಂದು ಬೆಳಗುತ್ತಿದೆ, ನೇಪಾಳ ಭಾರತಕ್ಕೆ ಜಲವಿದ್ಯುತ್ತನ್ನು ಮಾರುತ್ತಿದೆ. ಆದರೂ ಓದಿದವರಿಗೆ ಊರಲ್ಲಿ ಕೆಲಸವಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಯುವಕರು ಬೀದಿಗಿಳಿದು ಸರ್ಕಾರವೇ ಉರುಳಿದಾಗ ನನಗೆ ನೆನಪಾದದ್ದು ತ್ರಿಭುವನ ವಿಮಾನ ನಿಲ್ದಾಣದ ಸಾಲು.

ಮರಳುವಾಗ ಆ ನಿಲ್ದಾಣಕ್ಕೆ ಕನಿಷ್ಠ ಮೂರು ಗಂಟೆ ಮುಂಚೆ ತಲುಪಿ. ಕೊಲ್ಲಿ ದೇಶಗಳಿಗೆ ಹೊರಟ ಹುಡುಗರು ಹಣೆಯಲ್ಲಿ ಕೆಂಪು ಟೀಕಾ, ಕೊರಳಲ್ಲಿ ಚೆಂಡುಹೂವಿನ ಮಾಲೆ ಧರಿಸಿ, ದಾಖಲೆಗಳ ಚೀಲವನ್ನು ಎದೆಗವಚಿಕೊಂಡು ವಲಸೆ ತಪಾಸಣೆಗೆ ನಿಂತಿರುತ್ತಾರೆ, ಸಾಲು ನಿಧಾನವಾಗಿ ಸಾಗುತ್ತದೆ. ಅವರಲ್ಲಿ ಮೊದಲ ಬಾರಿ ವಿಮಾನ ಹತ್ತುವವರು ಫಾರಂ ತುಂಬಲು ಪೆನ್ನು ಕೇಳಬಹುದು. ಒಂದೆರಡು ಹೆಚ್ಚಿಗೆ ಇಟ್ಟುಕೊಂಡಿರಿ.