ಕೊಳಲು ತೆಗೆದ ಮೇಲೆ

ನಾನು ಶಿರಸಿಯಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮದುವೆ, ಉಪನಯನದ ಕೆಲಸವೇ ಜಾಸ್ತಿ. ನಡುನಡುವೆ ಕಿರುಚಿತ್ರವೂ ಬರುತ್ತದೆ. ಹೋದ ವರ್ಷ ಬಂದದ್ದು ಕಾರವಾರದ ಬೈತಖೋಲ ಬಂದರಿನಲ್ಲಿ ತೆಗೆದದ್ದು. ಮಗ ಮೀನು ಹಿಡಿಯಲು ಹೋದವನು ವಾಪಸು ಬಂದಿಲ್ಲ. ಅಪ್ಪ ದಡದಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದಾನೆ. ಇಡೀ ಚಿತ್ರದಲ್ಲಿ ಅವನಿಗೆ ಒಂದೂ ಮಾತಿಲ್ಲ.

ಅದರಲ್ಲೊಂದು 11 ಸೆಕೆಂಡಿನ ಶಾಟ್. ಮುದುಕ ಬಲೆಯ ಹರಿದ ಕಣ್ಣಿಗೆ ದಾರ ಹಾಕಿ ಗಂಟು ಬಿಗಿಯುತ್ತಾನೆ. ದೂರದಲ್ಲಿ ದೋಣಿಯ ಇಂಜಿನ್ ಸದ್ದು. ಕೈ ನಿಲ್ಲುತ್ತದೆ. ತಲೆ ಮಾತ್ರ ಎತ್ತುವುದಿಲ್ಲ. ಸದ್ದು ದಾಟಿ ಹೋಗುತ್ತದೆ. ಮತ್ತೆ ಗಂಟು.

ಏನೂ ಆಗ್ತಾ ಇಲ್ವಲ್ಲ ಅನಿಸಿತು. 4 ಸೆಕೆಂಡಿಗೆ ಇಳಿಸಿ, ಮೇಲೆ ಕೊಳಲು ಹಾಕಿದೆ. ಮದುವೆ ವಿಡಿಯೋದಲ್ಲಿ ಮಾತಿಲ್ಲದ ಕಡೆ ಹಾಡು ತುಂಬಲೇಬೇಕು. ಅದೇ ಅಭ್ಯಾಸ. ನಿರ್ದೇಶಕಿ ನೋಡಿ, "ಅಣ್ಣ, ಇಂಜಿನ್ ಸದ್ದೇ ಕೇಳ್ತಿಲ್ಲ. ಅವನು ಯಾಕೆ ಕೈ ನಿಲ್ಲಿಸಿದ ಅಂತ ಯಾರಿಗೆ ಗೊತ್ತಾಗತ್ತೆ?" ಅಂದರು.

ಅವತ್ತು ರಾತ್ರಿ 'ಪುಷ್ಪಕ ವಿಮಾನ' ಮತ್ತೆ ನೋಡಿದೆ. 1987ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ಮಾಡಿದ ಮಾತೇ ಇಲ್ಲದ ಚಿತ್ರ. ಚಿಕ್ಕವನಿದ್ದಾಗ ಬರೀ ನಕ್ಕಿದ್ದೆ. ಈ ಸಲ ಕಿವಿಗೊಟ್ಟು ನೋಡಿದೆ. ಕಮಲ್ ಹಾಸನ್ ಪಾತ್ರಕ್ಕೆ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಹತ್ತುವುದಿಲ್ಲ. ಹಳೇ ಕೋಣೆಯ ಪಕ್ಕದ ಟಾಕೀಸಿನ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ಮಲಗುತ್ತಾನೆ. ಎಂಥಾ ಯೋಚನೆ ಅಲ್ವಾ! ಅವನ ಬದುಕೆಲ್ಲ ಆ ಗದ್ದಲದಲ್ಲೇ ಗೊತ್ತಾಗುತ್ತದೆ. ಮಾತಾಡದವನನ್ನು ನಾವು ತಿಳಿಯುವುದು ಅವನ ಕಿವಿಗೆ ಬೀಳುವ ಸದ್ದಿನಿಂದಲೂ ಹೌದು. ನಾನು ಅದನ್ನೇ ಕೊಳಲಿನ ಕೆಳಗೆ ಮುಚ್ಚಿಬಿಟ್ಟಿದ್ದೆ.

ಕೊಳಲು ತೆಗೆದೆ. 11 ಸೆಕೆಂಡೂ ಬಿಟ್ಟೆ. ಆದರೆ ಶೂಟಿಂಗಿನ ಸದ್ದಿನಲ್ಲಿ ಗಾಳಿಯ ಹೊಡೆತ ಜಾಸ್ತಿ. ಅದನ್ನು ಕತ್ತರಿಸಿದ ಕಡೆಯೆಲ್ಲ ಸ್ಪೀಕರ್ ಕೆಟ್ಟ ಹಾಗೆ ಕೇಳುತ್ತಿತ್ತು. ಸುಮ್ನೆ ಸದ್ದು ತೆಗೆದರೆ ಮೌನ ಆಗುವುದಿಲ್ಲ. ಬಂದರಿಗೆ ಮತ್ತೆ ಹೋಗಿ ಕಾಗೆ, ದೋಣಿಗೆ ಬಡಿಯುವ ನೀರು, ಇಂಜಿನ್ ಎಲ್ಲ ಬೇರೆಬೇರೆಯಾಗಿ ಹಿಡಿದು ತಂದೆವು. ಈಗ ಶೂಟಿಂಗಿಗೆ ಹೊರಟವರಿಗೆಲ್ಲ ಮೊದಲೇ ಹೇಳುತ್ತೇನೆ: ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಂಡು ಬನ್ನಿ.

ಕಾರವಾರದಲ್ಲಿ ಚಿತ್ರ ತೋರಿಸಿದಾಗ ನಾನು ಹಿಂದೆ ನಿಂತಿದ್ದೆ. ಇಂಜಿನ್ ಸದ್ದು ಬಂತು. ಮುದುಕನ ಕೈ ನಿಂತಿತು. ಮೀನು ಮಾರುವ ಅಮ್ಮ ಒಬ್ಬರು ಪಕ್ಕದವರ ತೋಳು ಹಿಡಿದು, "ಮಗನ ದೋಣಿ ಇರ್ಬೇಕು" ಅಂದರು.